ಧಾರಣೆ ಗುಂಪು

ಸಂಜೆ ಆರೂವರೆಗೆ ದೇವರಿಗೆ ದೀಪ ಹಚ್ಚಿ ಅಬ್ಬೆ ಜಗಲಿಗೆ ಬಂದು ಕೂರುತ್ತಾಳೆ. ಕೂತ ಕೂಡಲೇ ಕೇಳುವುದು ಒಂದೇ ಪ್ರಶ್ನೆ. "ಇಂದು ಎಷ್ಟಡ?" ಅಡಿಕೆಗೆ ಇವತ್ತು ಎಷ್ಟಂತೆ ಅಂತ. ನಾನು ಫೋನ್ ತೆಗೆದು ನೋಡಿ ಹೇಳುತ್ತೇನೆ. ಹೊಸತಕ್ಕೆ ಇಷ್ಟು, ಹಳತಕ್ಕೆ ಇಷ್ಟು, ಇನ್ನೂ ಹಳೆಯ ಡಬಲ್ ಚೋಲಿಗೆ ಇಷ್ಟು. ಅಬ್ಬೆ "ಹ್ಞೂಂ" ಅನ್ನುತ್ತಾಳೆ. ಇಳಿದಿದ್ದರೆ ಆ ಹ್ಞೂಂ ಸ್ವಲ್ಪ ಉದ್ದ.

ಆ ಧಾರಣೆ ನನಗೆ ಬರುವುದು ಒಂದು ಟೆಲಿಗ್ರಾಂ ಗುಂಪಿನಿಂದ. ಹೆಸರು ನೋಡಿದರೆ ಯಾರಾದರೂ ಅದು ಅಡಿಕೆ ಬೆಳೆಗಾರರ ಗುಂಪು ಅಂತಲೇ ಅಂದುಕೊಳ್ಳಬೇಕು. ಚಿತ್ರವೂ ಅಡಿಕೆ ಗೊನೆಯದ್ದೇ. ಒಳಗೆ ಇರುವುದು ನಲವತ್ತಮೂರು ಜನ. ಅದರಲ್ಲಿ ತೋಟ ಇರುವವರು ಒಂಬತ್ತೋ ಹತ್ತೋ. ಉಳಿದವರು ನರ್ಸು, ಮೇಸ್ಟ್ರು, ಬಸ್ಸಿನ ಕಂಡಕ್ಟರ್, ಒಬ್ಬ ಯಕ್ಷಗಾನದ ಸ್ತ್ರೀವೇಷದವರು, ಕಾಲೇಜು ಮಕ್ಕಳು, ಗಲ್ಫಿಗೆ ಹೋದವರು. ಎಲ್ಲರೂ ನನ್ನ ಹಾಗೇ. ಗಂಡಸನ್ನು ಇಷ್ಟಪಡುವ ಗಂಡಸರು, ಹೆಂಗಸನ್ನು ಇಷ್ಟಪಡುವ ಹೆಂಗಸರು, ಹುಟ್ಟಿದಾಗ ಗಂಡು ಅಂತ ಬರೆಸಿದ್ದು ಒಪ್ಪದ ಇಬ್ಬರು.

ಹೆಸರು ಹಾಗಿಟ್ಟದ್ದು ಪಕ್ಕದಲ್ಲಿ ಕೂತವರು ಇಣುಕಿದರೆ ಗೊತ್ತಾಗಬಾರದು ಅಂತ. ಶುರುವಿನಲ್ಲಿ ಅದು ಬರೀ ಹೆಸರು. ಆದರೆ ಒಬ್ಬನ ಭಾವ ನಿಜವಾಗಿಯೂ ಇಣುಕಿ, "ಓ ಧಾರಣೆ ಬರ್ತದಾ, ಇವತ್ತಿನದ್ದು ತೋರಿಸು" ಅಂದುಬಿಟ್ಟ. ಮರುದಿನದಿಂದ ನಮ್ಮಲ್ಲೊಬ್ಬರು ದಿನಾ ಸಂಜೆ ಅಡಿಕೆ ಕೊಳ್ಳುವ ಸಹಕಾರಿ ಸಂಸ್ಥೆ ಕ್ಯಾಂಪ್ಕೊದ ದರ ಹಾಕಲು ಶುರು ಮಾಡಿದರು. ಈಗ ಅದೇ ಅಭ್ಯಾಸ. ಮಧ್ಯಾಹ್ನದವರೆಗೆ ಅತ್ತುಕೊಂಡು ಬರೆದವರೂ ಸಂಜೆ ಧಾರಣೆ ಬಂದ ಮೇಲೆ "ಛೆ, ಮಾರಬಾರದಿತ್ತು" ಅಂತಾರೆ.

ನಮ್ಮದು ಬದಿಯಡ್ಕದ ಕಡೆ, ಕಾಸರಗೋಡು ಜಿಲ್ಲೆ. ಜಿಲ್ಲೆ ಆದದ್ದು 1984ರಲ್ಲಿ, ನಾನು ಹುಟ್ಟಿದ್ದೂ ಅದೇ ವರ್ಷ. ಅಂದರೆ ನನಗೆ ನಲವತ್ತು ದಾಟಿತು. ಮದುವೆ ಆಗಿಲ್ಲ. ಯಾಕೆ ಆಗಿಲ್ಲ ಅಂತ ಊರಲ್ಲಿ ಒಬ್ಬರೂ ಕೇಳಲ್ಲ! ನಮ್ಮ ಹವ್ಯಕರಲ್ಲಿ ತೋಟ ನೋಡಿಕೊಂಡು ಊರಲ್ಲೇ ಇರುವ ಗಂಡುಗಳಿಗೆ ಹೆಣ್ಣು ಸಿಗದೆ ಎಷ್ಟೋ ವರ್ಷ ಆಯಿತು. ಪ್ರತಿ ಊರಲ್ಲೂ ನನ್ನ ವಯಸ್ಸಿನ ನಾಲ್ಕೈದು ಬ್ರಹ್ಮಚಾರಿಗಳು ಇದ್ದಾರೆ. ಊಟದ ಪಂಕ್ತಿಯಲ್ಲಿ ನನ್ನ ಕಡೆ ನೋಡಿ, "ಪಾಪ, ಕೂಸು ಸಿಕ್ಕಿದ್ದಿಲ್ಲೆ" ಅಂತಾರೆ. ನಮ್ಮ ಭಾಷೆಯಲ್ಲಿ ಕೂಸು ಅಂದರೆ ಹುಡುಗಿ. ನಾನೂ ಮುಖ ಸಣ್ಣಗೆ ಮಾಡಿ ಪಾಯಸ ಬಡಿಸಿಕೊಳ್ಳುತ್ತೇನೆ. ಸಮಾಜದ ಇಷ್ಟು ದೊಡ್ಡ ಸಮಸ್ಯೆ ನನಗೆ ಇಷ್ಟು ಒಳ್ಳೆಯ ಕೊಡೆ ಆಯಿತಲ್ಲ ಅಂತ ಒಮ್ಮೊಮ್ಮೆ ನಾಚಿಕೆ ಆಗುತ್ತದೆ. ನಿಜವಾಗಿಯೂ ಹೆಣ್ಣು ಹುಡುಕಿ ಸೋತವರ ಪಾಲಿನ ಕನಿಕರ ನಾನು ತಿನ್ನುತ್ತಿದ್ದೇನೆ.

ಇಪ್ಪತ್ತು ವರ್ಷದ ಹಿಂದೆ ಮಂಗಳೂರಿನಲ್ಲಿ ಸಣ್ಣ ಕೆಲಸದಲ್ಲಿದ್ದೆ. ಹಂಪನಕಟ್ಟೆಯ ಹತ್ತಿರ ಒಂದು ಸೈಬರ್ ಕೆಫೆ. ಗಂಟೆಗೆ ಇಪ್ಪತ್ತು ರೂಪಾಯಿ, ಪ್ಲೈವುಡ್ ಗೂಡು, ಅಡ್ಡಕ್ಕೆ ಒಂದು ಪರದೆ. ಅಲ್ಲಿ ಆರ್ಕುಟ್‌ನಲ್ಲಿ ಸುಳ್ಳು ಹೆಸರಿನ ಖಾತೆ ಮಾಡಿದೆ, ಯಾಹೂ ಗ್ರೂಪ್ಸ್ ಸೇರಿದೆ. ನನ್ನಂಥವರು ಇಷ್ಟು ಜನ ಇದ್ದಾರೆ ಅಂತ ಗೊತ್ತಾದ ಆ ಗಂಟೆಯ ಖುಷಿಯನ್ನು ಬರೆಯಲು ಹೋದರೆ ಸಪ್ಪೆ ಆಗುತ್ತದೆ, ಬಿಡಿ. ಆದರೆ ಅಲ್ಲಿ ಎಲ್ಲರೂ ಇಂಗ್ಲಿಷಿನಲ್ಲಿ ಬರೆಯುತ್ತಿದ್ದರು. ಬೆಂಗಳೂರಿನಲ್ಲಿ ತೊಂಬತ್ತರ ದಶಕದಿಂದಲೇ ಗುಡ್ ಆ್ಯಸ್ ಯು ಅನ್ನುವ ಗುಂಪು ವಾರ ವಾರ ಸೇರುತ್ತದೆ ಅಂತ ಓದಿದ್ದು ಅಲ್ಲೇ. ನಾನು ಏಳನೇ ಕ್ಲಾಸಿನವರೆಗೆ ಇಂಗ್ಲಿಷಿನಲ್ಲಿ ಒಂದು ವಾಕ್ಯ ಮಾತಾಡಿದವನಲ್ಲ. ಒಂದು ಪ್ಯಾರಾ ಬರೆಯಲು ಹದಿನೈದು ನಿಮಿಷ ಬೇಕಿತ್ತು, ಅಂದರೆ ಐದು ರೂಪಾಯಿ. ಬರೆದದ್ದು ಓದಿದರೆ ರಜಾ ಅರ್ಜಿಯ ಹಾಗೆ ಕಾಣುತ್ತಿತ್ತು. ಆಮೇಲೆ 2014ರಲ್ಲಿ ಆರ್ಕುಟ್ ಮುಚ್ಚಿತು, 2020ರ ಕೊನೆಗೆ ಯಾಹೂ ಗ್ರೂಪ್ಸೂ ಹೋಯಿತು. ನನ್ನ ರಜಾ ಅರ್ಜಿಗಳೂ ಅದರ ಜೊತೆಗೇ ಹೋದವು.

ಅಪ್ಪ ತೀರಿಕೊಂಡ ಮೇಲೆ ಊರಿಗೆ ಬಂದೆ. ಇಲ್ಲಿ ಬಂದರೆ ಸರ್ಕಾರ ಕೇರಳದ್ದು. ಒಂದು ರೀತಿಯಲ್ಲಿ ಅದು ನಮ್ಮ ಅದೃಷ್ಟ. ದೇಶದಲ್ಲಿ ಮೊದಲು ಟ್ರಾನ್ಸ್‌ಜೆಂಡರ್ ನೀತಿ ತಂದ ರಾಜ್ಯ ಕೇರಳ, 2015ರಲ್ಲಿ. ಕ್ವೀರಳ, ಸಹಯಾತ್ರಿಕ ಅಂತ ಗಟ್ಟಿ ಸಂಘಟನೆಗಳಿವೆ. ಒಬ್ಬರನ್ನು ಕೇಳಿದರೆ ಹತ್ತು ಜನ ಸಹಾಯಕ್ಕೆ ಬರುತ್ತಾರೆ. ಅವರ ಗುಂಪೊಂದಕ್ಕೆ ನಾನೂ ಸೇರಿದ್ದೆ. ಆದರೆ ನಾನು ಓದಿದ್ದು ಕನ್ನಡ ಮೀಡಿಯಂ. ಮಲಯಾಳ ಮಾತಾಡುತ್ತೇನೆ, ಬಸ್ಸಿನ ಬೋರ್ಡು ಓದುತ್ತೇನೆ. ಅರ್ಧ ಪುಟದ ಮೆಸೇಜು ಬಂದರೆ ಅಕ್ಷರ ಅಕ್ಷರ ಕೂಡಿಸಬೇಕು. ನಾನು ಕೂಡಿಸಿ ಮುಗಿಸುವ ಹೊತ್ತಿಗೆ ಬರೆದವರನ್ನು ಇನ್ನೊಬ್ಬರು ಸಮಾಧಾನ ಮಾಡಿ ಆಗಿರುತ್ತಿತ್ತು.

2017ರಲ್ಲಿ ಶಾಲೆಗಳಲ್ಲಿ ಮಲಯಾಳ ಕಡ್ಡಾಯ ಅಂತ ಕಾನೂನು ಬಂದಾಗ ಕಾಸರಗೋಡಿನ ಕನ್ನಡಿಗರು ಬೀದಿಗಿಳಿದರು. ನಾನೂ ಹೋಗಿದ್ದೆ. ಕನ್ನಡ ಬೇಕು ಅಂತ ಕೂಗಿ ಗಂಟಲು ಕಟ್ಟಿತ್ತು. ಪಿಎಸ್‌ಸಿ ಪರೀಕ್ಷೆಗೆ ಕನ್ನಡ ಬೇಕು, ಪಂಚಾಯತಿನ ಅರ್ಜಿಗೆ ಕನ್ನಡ ಬೇಕು, ಬೋರ್ಡಿಗೆ ಬೇಕು. ಎಲ್ಲ ಸರಿ. ರಾತ್ರಿ ಮನೆಗೆ ಬಂದು ಮಲಗಿದಾಗ, ನನಗೆ ಒಂದು ವಿಷಯ ಹೇಳಿಕೊಳ್ಳಲಿಕ್ಕೆ ಕನ್ನಡ ಬೇಕು, ಅದನ್ನು ಯಾವ ಮೆರವಣಿಗೆಯಲ್ಲಿ ಕೂಗುವುದು ಅಂತ ಅನ್ನಿಸಿತು. ಆ ಮಳೆಗಾಲದಲ್ಲೇ ಮಂಜೇಶ್ವರ ಕಡೆಯ ಒಬ್ಬ ಗೆಳೆಯ ಈ ಗುಂಪು ಮಾಡಿದ. ಮೊದಲು ಆರು ಜನ.

ವಾಟ್ಸಾಪ್ ಯಾಕೆ ಬೇಡ ಅಂದರೆ ಅಲ್ಲಿ ಗುಂಪಿನವರಿಗೆಲ್ಲ ನಂಬರ್ ಕಾಣುತ್ತದೆ. ನಮ್ಮ ಊರಲ್ಲಿ ನಂಬರ್ ಕಂಡರೆ ಮನೆತನ ಕಂಡ ಹಾಗೆ. ಟೆಲಿಗ್ರಾಂನಲ್ಲಿ ಅಡಗಿಸಿಡಬಹುದು. ಅದರಲ್ಲೂ ಒಂದು ಎಡವಟ್ಟಿದೆ. ನೀವು ಹೊಸದಾಗಿ ಸೇರಿದ ಕೂಡಲೇ ನಿಮ್ಮ ನಂಬರ್ ಇಟ್ಟುಕೊಂಡವರಿಗೆ "ಇಂಥವರು ಟೆಲಿಗ್ರಾಂಗೆ ಬಂದಿದ್ದಾರೆ" ಅಂತ ಸುದ್ದಿ ಹೋಗುತ್ತದೆ. ಒಬ್ಬ ಹುಡುಗ ನಡುರಾತ್ರಿ ನಡುಗುತ್ತಾ ಖಾತೆ ತೆರೆದು ಗುಂಪಿಗೆ ಬರುವ ಮೊದಲೇ ಅವನ ಸೋದರಮಾವನಿಂದ ಮೆಸೇಜು, "ಓಹೋ ನೀನೂ ಬಂದ್ಯಾ, ಸಿನಿಮಾ ಲಿಂಕ್ ಬೇಕಾ?" ಪಾಪ, ಮೂರು ದಿನ ಫೋನ್ ಮುಟ್ಟಲಿಲ್ಲವಂತೆ. ಒಬ್ಬಳು ಹುಡುಗಿ ದಿನಾ ರಾತ್ರಿ ಹನ್ನೊಂದೂವರೆಗೆ ಆ್ಯಪ್ ಹಾಕಿಕೊಂಡು ಬೆಳಗ್ಗೆ ಐದಕ್ಕೆ ತೆಗೆದುಹಾಕುತ್ತಾಳೆ. ನಾಲ್ಕು ವರ್ಷದಿಂದ. ಅವಳ ಫೋನ್ ಹಗಲಿಗೆ ಮನೆಯವರೆಲ್ಲರದ್ದು. ಗುಂಪಿನಲ್ಲಿ ಹೆಂಗಸರು ಏಳೇ ಜನ ಯಾಕೆ ಅಂತ ಇನ್ನು ಹೇಳಬೇಕಾಗಿಲ್ಲ ಅಲ್ವಾ.

ನಮಗೊಂದು ಶಬ್ದ ಬೇಕಿತ್ತು. ಪೇಪರಿನವರು ಬರೆಯುವ 'ಸಲಿಂಗಕಾಮಿ' ಯಾರಿಗೂ ಇಷ್ಟ ಇಲ್ಲ. ಆ 'ಕಾಮಿ' ಕೇಳಿದರೆ ನಾವು ಬೇರೆ ಏನೂ ಕೆಲಸ ಇಲ್ಲದವರ ಹಾಗೆ. ಲೈಂಗಿಕ ಅಲ್ಪಸಂಖ್ಯಾತರು ಅಂದರೆ ಕಾಸರಗೋಡಿನ ಕನ್ನಡಿಗ ನಗುತ್ತಾನೆ. ಮೊದಲೇ ಭಾಷಾ ಅಲ್ಪಸಂಖ್ಯಾತ, ಅದರ ಮೇಲೆ ಇದು ಬೇರೆ. ಕೊನೆಗೆ ಉಳಿದದ್ದು ತುಳುವಿನ 'ನಮ್ಮ ಜನ'. ಊರಲ್ಲಿ "ಆಯೆ ನಮ್ಮ ಜನನಾ?" ಅಂತ ಕೇಳಿದರೆ ಜಾತಿ ಕೇಳಿದ್ದು ಅಂತ ಅರ್ಥ. ಗುಂಪಿನಲ್ಲಿ ಬೇರೆ ಅರ್ಥ. ಜೊತೆಗೆ ಅಡಿಕೆಯ ಭಾಷೆ ತಾನಾಗಿ ಬಂತು. ಹೊಸದಾಗಿ ಸೇರಿದವರು ಹೊಸ ಅಡಿಕೆ. ನನ್ನಂಥವರು ಹಳತು. ಹೆಂಡತಿ ಮಕ್ಕಳು ಇದ್ದು ಇಲ್ಲಿಯೂ ಇರುವವರು ಡಬಲ್ ಚೋಲು. ಕೆಲವರು ಬೇಸರ ಮಾಡಿಕೊಂಡರು. ಆದರೆ ಒಬ್ಬ ಡಬಲ್ ಚೋಲಿನವರೇ, "ಎರಡು ಸಿಪ್ಪೆ ಇದ್ದರೆ ಹುಳ ಬರುವುದಿಲ್ಲ ಅಂತ ಮಾಡಿದ್ದೆ, ಬಂತು" ಅಂತ ಬರೆದರು. ಅವತ್ತು ಯಾರೂ ನಗುವ ಚಿತ್ರ ಒತ್ತಲಿಲ್ಲ.

2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟಿನ ಐದು ನ್ಯಾಯಮೂರ್ತಿಗಳು 377ನೇ ಸೆಕ್ಷನ್ನಿನಲ್ಲಿ ನಮ್ಮಂಥವರ ಒಪ್ಪಿಗೆಯ ಸಂಬಂಧವನ್ನು ಅಪರಾಧ ಮಾಡಿದ್ದ ಭಾಗ ತೆಗೆದರು. ಅದೇ ಕೋರ್ಟು 2013ರ ಡಿಸೆಂಬರಿನಲ್ಲಿ ಅದನ್ನು ಎತ್ತಿಹಿಡಿದಾಗ ನಾನು ಅಂಗಳದಲ್ಲಿ ಅಡಿಕೆ ಹರಡುತ್ತಾ ರೇಡಿಯೋದಲ್ಲಿ ಒಬ್ಬನೇ ಕೇಳಿದ್ದೆ. ಈ ಸಲ ಟೀವಿಯ ಎದುರು ಅಬ್ಬೆಯೂ ಇದ್ದಳು. ಮಲಯಾಳ ಚಾನೆಲಿನಲ್ಲಿ ಜನ ಕುಣಿಯುತ್ತಿದ್ದರು. "ಎಂತಕ್ಕೆ ಅಷ್ಟು ಬಣ್ಣದ ಕೊಡೆ?" ಅಂತ ಅಬ್ಬೆ ಕೇಳಿದಳು. ಏನೋ ಹಬ್ಬ ಅಂದೆ. ಇತಿಹಾಸ ಈ ಜನರಿಗೂ ಅವರ ಮನೆಯವರಿಗೂ ಕ್ಷಮೆ ಕೇಳಬೇಕಾಗಿದೆ ಅಂತ ನ್ಯಾಯಮೂರ್ತಿ ಇಂದು ಮಲ್ಹೋತ್ರಾ ಬರೆದಿದ್ದರು. ಮೇಸ್ಟ್ರೊಬ್ಬರು ಅದನ್ನು ಗುಂಪಿಗೆ ಕನ್ನಡದಲ್ಲಿ ಹಾಕಿದರು. ಕಂಡಕ್ಟರ್ ಅದನ್ನೇ ತುಳುವಿಗೆ ಇಳಿಸಿದ. "ಇತಿಹಾಸೊಗು ತಪ್ಪಾಂಡ್‌ಗೆ." ಇತಿಹಾಸಕ್ಕೆ ತಪ್ಪಾಯಿತಂತೆ. ಬಸ್ಸಿನಲ್ಲಿ ಕಾಲು ತುಳಿದವರು ಹೇಳುವ ಹಾಗೆ. ನನಗೆ ತೀರ್ಪು ಅರ್ಥ ಆದದ್ದು ಆಗ. 2023ರಲ್ಲಿ ಮದುವೆಯ ಹಕ್ಕು ಸಿಗಲಿಲ್ಲ. ಆ ದಿನ ಗುಂಪಿನಲ್ಲಿ ಧಾರಣೆ ಬಿಟ್ಟು ಬೇರೆ ಏನೂ ಬರಲಿಲ್ಲ.

ಗುಂಪು ಯಾವುದಕ್ಕೆ ಆಗುತ್ತದೆ ಅಂತ ನಾನು ಸರಿಯಾಗಿ ನೋಡಿದ್ದು 2020ರ ಮಾರ್ಚಿನಲ್ಲಿ. ಕೊರೊನಾಕ್ಕೆ ಗಡಿ ಮುಚ್ಚಿತು. ತಲಪಾಡಿಯಲ್ಲಿ ಗೇಟು, ಒಳದಾರಿಗಳಿಗೆ ಲೋಡುಗಟ್ಟಲೆ ಮಣ್ಣು. ನಮಗೆ ಆಸ್ಪತ್ರೆ ಅಂದರೆ ಮೊದಲಿನಿಂದಲೂ ಮಂಗಳೂರು. ಗುಂಪಿನ ಒಬ್ಬನಿಗೆ ಎಚ್‌ಐವಿ ಇತ್ತು. ಸರ್ಕಾರಿ ಎಆರ್‌ಟಿ ಕೇಂದ್ರದಲ್ಲಿ ಮಾತ್ರೆ ಬಿಟ್ಟಿ ಸಿಗುತ್ತದೆ, ಆದರೆ ಒಂದು ದಿನವೂ ತಪ್ಪಬಾರದು. ಹತ್ತಿರದಲ್ಲಿ ತೆಗೆದುಕೊಂಡರೆ ಗುರ್ತದವರು ಸಿಗುತ್ತಾರೆ ಅಂತ ಅವನು ಬೇಕೆಂದೇ ಗಡಿ ದಾಟಿ ಮಂಗಳೂರಿನಲ್ಲಿ ಹೆಸರು ಬರೆಸಿದ್ದ. ಗುಟ್ಟು ಕಾಯಲು ಇಟ್ಟುಕೊಂಡ ಗಡಿಯೇ ಈಗ ಅಡ್ಡ. ಡಬ್ಬಿಯಲ್ಲಿ ಒಂಬತ್ತು ಮಾತ್ರೆ ಇದೆ ಅಂತ ಬರೆದ. ಮರುದಿನ ಎಂಟು. ಅವನು ದಿನಾ ಸಂಖ್ಯೆ ಮಾತ್ರ ಬರೆಯುತ್ತಿದ್ದ. ಗುಂಪಿನ ನರ್ಸ್ ಒಬ್ಬಳು ಮಲಯಾಳದಲ್ಲಿ ಇಪ್ಪತ್ತು ಫೋನು ಮಾಡಿ, ಕೇರಳದ ಕಡೆಯ ಕೇಂದ್ರದವರನ್ನು ಹಿಡಿದು, ಹಳೇ ಚೀಟಿಯ ಫೋಟೋ ಕಳಿಸಿ ಮಾತ್ರೆ ಸಿಗುವ ಹಾಗೆ ಮಾಡಿದಳು. 'ಮೂರು' ಅಂತ ಬರೆದ ದಿನ ಸಿಕ್ಕಿತು. ಅವನಿಗಿದ್ದ ಹೆದರಿಕೆಯೂ ನಿಜವಾಯಿತು, ತಂದುಕೊಟ್ಟವರು ಗುರ್ತದವರೇ. ಅವರು ಇವತ್ತಿನವರೆಗೆ ಒಂದು ಮಾತು ಆಡಿಲ್ಲ.

ನಮ್ಮಲ್ಲಿ ಎಲ್ಲ ಚೆನ್ನಾಗಿದೆ ಅಂತ ತಿಳಿಯಬೇಡಿ. ಜಾತಿ ಇಲ್ಲಿಗೂ ಬರುತ್ತದೆ. ಹುಡುಗಿಯ ಹಾಗೆ ನಡೆಯುವ ಹುಡುಗರನ್ನು ಗೇಲಿ ಮಾಡುವವರು ನಮ್ಮಲ್ಲೇ ಜಾಸ್ತಿ. ಸ್ತ್ರೀವೇಷದವರು ಒಮ್ಮೆ ಬಣ್ಣ ಹಚ್ಚಿದ ಫೋಟೋ ಹಾಕಿದಾಗ ಒಬ್ಬ ಕೊಳಕಾಗಿ ಏನೋ ಬರೆದ, ನಾನು ನಗುವ ಚಿತ್ರ ಒತ್ತಿದೆ. ರಂಗಸ್ಥಳದಲ್ಲಿ ಅವರ ದ್ರೌಪದಿ ನೋಡಿ ಬೆಳಗಿನವರೆಗೆ ಅತ್ತವನು ನಾನೇ. ಅವರು ಎರಡು ವರ್ಷ ಗುಂಪು ಬಿಟ್ಟಿದ್ದರು. ನಾನು ಕ್ಷಮೆ ಕೇಳಿದ್ದು ಬಹಳ ತಡವಾಗಿ.

ಈಗ ಆ ಒಂದು ರಾತ್ರಿಯ ಬಗ್ಗೆ ಬರೆಯುತ್ತೇನೆ. ಆ ಹುಡುಗನನ್ನು ಕೇಳಿಯೇ ಬರೆಯುತ್ತಿದ್ದೇನೆ, ಗುರ್ತು ಸಿಗದ ಹಾಗೆ ಕೆಲವು ಬದಲಾಯಿಸಿದ್ದೇನೆ.

2023ರ ಜುಲೈ. ರಾತ್ರಿ ಒಂದು ಇಪ್ಪತ್ತು. ಹೊಸ ಅಡಿಕೆ, ಹತ್ತೊಂಬತ್ತು ವರ್ಷ. "ಯಾರಾದ್ರೂ ಎಚ್ಚರ ಇದ್ದೀರಾ" ಅಂತ ಬಂತು. ಮಳೆ ಸದ್ದಿಗೆ ನನಗೂ ನಿದ್ದೆ ಇರಲಿಲ್ಲ. ಶಾರ್ಜಾದಲ್ಲಿ ರಾತ್ರಿ ಪಾಳಿ ಮಾಡುವ ನಮ್ಮವನೊಬ್ಬ ಇದ್ದಾನೆ, ಅವನೂ ಎಚ್ಚರ. ಹುಡುಗನ ಫೋನ್ ಅಣ್ಣನ ಕೈಗೆ ಸಿಕ್ಕಿತ್ತು. ಮನೆಯಲ್ಲಿ ಮೊದಲು ಜೋಯಿಸರಲ್ಲಿ ಪ್ರಶ್ನೆ ಇಡಿಸಿದರು. ಬಾಧೆ ಅಂತ ಬಂತು. ಸೋಮವಾರ ಯಾವುದೋ ಡಾಕ್ಟರಲ್ಲಿಗೆ ಕರೆದುಕೊಂಡು ಹೋಗಿ 'ಸರಿ' ಮಾಡಿಸುತ್ತಾರಂತೆ. ಅವನು ಕೊಟ್ಟಿಗೆಯಲ್ಲಿ ಕೂತು ಬರೆಯುತ್ತಿದ್ದ. ಬೆಳಗಾಗುವುದು ಬೇಡ ಅಂತ ಬರೆದ.

ನಮ್ಮಲ್ಲಿ ಒಬ್ಬರು ವಕೀಲರು ಇದ್ದಾರೆ. ಅವರು ಎದ್ದು ಒಂದೇ ಉಸಿರಿಗೆ ಬರೆದರು. ಇದು ಕಾಯಿಲೆ ಅಲ್ಲ, 1990ರಲ್ಲೇ ವಿಶ್ವ ಆರೋಗ್ಯ ಸಂಸ್ಥೆ ಪಟ್ಟಿಯಿಂದ ತೆಗೆದಿದೆ. ಹೀಗೆ 'ಬದಲಾಯಿಸುವ' ಚಿಕಿತ್ಸೆ ಮಾಡುವುದು ಡಾಕ್ಟರ ವೃತ್ತಿಗೆ ತಪ್ಪು ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಹೇಳಿದೆ. ನಿನಗೆ ಹದಿನೆಂಟು ದಾಟಿದೆ, ನೀನು ಒಪ್ಪದೆ ಹೀಗೆ ಮದ್ದು ಕೊಡುವ ಹಾಗಿಲ್ಲ. ಎಲ್ಲ ಸರಿ, ಎಲ್ಲ ಬೇಕಾದದ್ದು. ಆದರೆ ಹುಡುಗ ಏನೂ ಉತ್ತರ ಕೊಡಲಿಲ್ಲ. ಇನ್ನೊಬ್ಬರು 14416, ಟೆಲಿ ಮಾನಸ್, ಯಾವ ಹೊತ್ತಿಗೂ ಎತ್ತುತ್ತಾರೆ, ಕನ್ನಡದಲ್ಲೂ ಮಾತಾಡಬಹುದು ಅಂತ ಹಾಕಿದರು. ಅದಕ್ಕೂ ಉತ್ತರ ಇಲ್ಲ. ಐದು ನಿಮಿಷ. ಆಗ ಶಾರ್ಜಾದವನು ತುಳುವಿನಲ್ಲಿ ಒಂದು ವಾಯ್ಸ್ ಕಳಿಸಿದ. "ವನಸ್ ಆಂಡಾ?" ಊಟ ಆಯ್ತಾ, ಅಷ್ಟೇ.

ಹುಡುಗ ಇಲ್ಲ ಅಂದ. ಯಾಕೆ, ಮನೆಯಲ್ಲಿ ಏನು ಮಾಡಿದ್ದರು ಅಂತ ಇವನು ಕೇಳಿದ. ಹಲಸಿನ ಬೀಜದ ಸಾರು. ಛೆ, ಅದನ್ನು ಯಾರಾದರೂ ಬಿಡ್ತಾರಾ, ನಾನಿಲ್ಲಿ ಕುಬ್ಬೂಸ್ ತಿಂತಿದ್ದೇನೆ ಅಂದ. ಹುಡುಗನೂ ವಾಯ್ಸ್ ಕಳಿಸಿದ. ಹಿಂದೆ ಮಳೆ, ದನ ತಲೆ ಆಡಿಸಿದ ಗಂಟೆಯ ಸದ್ದು. ಆ ದನದ ಹೆಸರೇನು, ಎಷ್ಟು ಹಾಲು, ಕರು ಗಂಡೋ ಹೆಣ್ಣೋ. ಮೂರು ಗಂಟೆಯವರೆಗೆ ಇದೇ ಮಾತು. ನಾನು ಕೇಳುತ್ತಾ ಇದ್ದೆ. ನಡುವೆ ಒಮ್ಮೆ ಆ ಹುಡುಗ ಅಳುತ್ತಲೇ ನಕ್ಕ. ನಾಲ್ಕಕ್ಕೆ ಸಾರು ಬಿಸಿ ಮಾಡಿ ಉಂಡೆ ಅಂತ ಬಂತು.

ಒಬ್ಬರ ಮನೆಗೆ ಇನ್ನೊಬ್ಬರು ಹೋಗಬಾರದು ಅನ್ನುವುದು ನಮ್ಮ ನಿಯಮ. ಬೆಳಗ್ಗೆ ಏಳಕ್ಕೆ ನಾನು ಅದನ್ನು ಮುರಿದೆ. ಜೀಪು ತೆಗೆದುಕೊಂಡು ಮುಳ್ಳೇರಿಯ ದಾಟಿ ಹೋಗಿ ಅವರ ಅಂಗಳದಲ್ಲಿ ನಿಂತು, ಮದ್ದು ಬಿಡುವವರು ಈ ಕಡೆ ಯಾರಾದರೂ ಇದ್ದಾರಾ ಅಂತ ಕೇಳಿದೆ. ಅಡಿಕೆಗೆ ಕೊಳೆರೋಗದ ಸಮಯ. ಬೋರ್ಡೋ ಮದ್ದು ಹೊಡೆಯುವವರನ್ನು ಹುಡುಕಿಕೊಂಡು ಯಾರು ಎಲ್ಲಿಗೆ ಹೋದರೂ ಸಂಶಯ ಬರುವುದಿಲ್ಲ. ಅವನ ಅಪ್ಪ ಜಗಲಿಯಲ್ಲಿ ಕೂರಿಸಿದರು. ಕಣ್ಣು ಕೆಂಪಗಿತ್ತು, ಅವರೂ ಮಲಗಿದವರಲ್ಲ. ಕೂಲಿ ಹೆಚ್ಚಾದದ್ದು, ಮೈಲುತುತ್ತಿನ ಬೆಲೆ, ಧಾರಣೆ ನಿಲ್ಲದ್ದು ಎಲ್ಲ ಮಾತಾಡಿದೆವು. ಒಳಗಿನಿಂದ ಚಹಾ ತಂದದ್ದು ಹುಡುಗ. ತೆಳ್ಳಗೆ, ಮೊಣಕೈಯಲ್ಲಿ ಸೆಗಣಿಯ ಒಂದು ಗೆರೆ. ಲೋಟ ಕೊಡುವಾಗ ನಾನು, "ಊಟ ಎಲ್ಲ ಸರಿ ಮಾಡ್ತೀಯಾ ಮಾರಾಯ, ಇಷ್ಟು ಸಪೂರ ಇದ್ದೀಯಲ್ಲ" ಅಂದೆ. ಅವನು ತಲೆ ಎತ್ತಿ ನನ್ನನ್ನು ನೋಡಿದ. "ನಿನ್ನೆ ತಡವಾಯ್ತು, ಉಂಡೆ" ಅಂದ. ಲೋಟದಲ್ಲಿ ಚಹಾ ಸ್ವಲ್ಪ ಚೆಲ್ಲಿತು. ಅವನ ಅಪ್ಪ, "ಇವನಿಗೆ ಹೊತ್ತಿಗೆ ಸರಿಯಾಗಿ ಉಣ್ಣುವ ಅಭ್ಯಾಸವೇ ಇಲ್ಲ" ಅಂತ ನನ್ನ ಹತ್ತಿರ ದೂರು ಹೇಳಿದರು.

ಸೋಮವಾರ ಅವನನ್ನು ಕರೆದುಕೊಂಡು ಹೋದರು. ಡಾಕ್ಟರ್ ಒಳ್ಳೆಯವರಿದ್ದರು. ಹುಡುಗನ ಹತ್ತಿರ ಒಂದು ಗಂಟೆ ಮಾತಾಡಿ, ಇವನಿಗೆ ಏನೂ ಆಗಿಲ್ಲ, ಬೇಕಾದರೆ ನೀವು ಬನ್ನಿ ಅಂತ ಅಪ್ಪನಿಗೆ ಹೇಳಿದರಂತೆ. ಅಪ್ಪನಿಗೆ ಸಿಟ್ಟು ಬಂತು. ಬಾಡಿಗೆ ಕಾರಿನ ದುಡ್ಡು ದಂಡ ಅಂತ ದಾರಿಯುದ್ದಕ್ಕೂ ಬೈದರಂತೆ. ಆಮೇಲೆ ಆ ಮಾತು ಮನೆಯಲ್ಲಿ ಯಾರೂ ಎತ್ತಲಿಲ್ಲ. ಸರಿ ಆಯಿತು ಅಂತ ನಾನು ಹೇಳಲ್ಲ. ಹುಡುಗ ಈಗ ಹಾಸ್ಟೆಲಿನಲ್ಲಿದ್ದಾನೆ, ರಜೆಗೆ ಮನೆಗೆ ಬರುತ್ತಾನೆ, ಅಣ್ಣ ಇನ್ನೂ ಮಾತಾಡಲ್ಲ. ಅವನ ಅಪ್ಪ ಮಾತ್ರ ವಾರಕ್ಕೊಮ್ಮೆ ನನಗೆ ಫೋನ್ ಮಾಡುತ್ತಾರೆ. "ನಿಮಗೆ ಧಾರಣೆ ಬೇಗ ಗೊತ್ತಾಗ್ತದಲ್ಲ" ಅಂತ.

ಮನೆಯಲ್ಲಿ ನಾನು ವಾಯ್ಸ್ ಮೆಸೇಜುಗಳನ್ನು ಗಟ್ಟಿಯಾಗಿಯೇ ಹಾಕುತ್ತೇನೆ. ಅಬ್ಬೆಗೆ ಕಿವಿ ಮಂದ. ಅಡಿಕೆ ಸುಲಿಯುವಾಗ ಫೋನ್ ಗೋಣಿಯ ಮೇಲೆ ಇಟ್ಟರೆ ಅದರ ಪಾಡಿಗೆ ಅದು ಮಾತಾಡುತ್ತಿರುತ್ತದೆ. ಒಬ್ಬನ ಪ್ರೇಮ ಮುರಿದದ್ದು, ಒಬ್ಬಳಿಗೆ ಗಂಡು ನೋಡಲು ಬಂದದ್ದು, ಶಾರ್ಜಾದವನಿಗೆ ವಾರದಿಂದ ಬಿಡದ ಜ್ವರ.

ನಿನ್ನೆ ಸಂಜೆ ದೀಪ ಹಚ್ಚಿ ಬಂದು ಕೂತಳು. "ಇಂದು ಎಷ್ಟಡ?" ಅಂದಳು. ಹೊಸತಕ್ಕೆ ಐದು ರೂಪಾಯಿ ಇಳಿದಿದೆ ಅಂದೆ. ಉದ್ದದ ಹ್ಞೂಂ. ಸ್ವಲ್ಪ ಹೊತ್ತು ಕಾಲು ನೀವಿಕೊಂಡಳು.

"ಆ ಗಲ್ಫಿನವಂಗೆ ಜ್ವರ ಬಿಟ್ಟತ್ತೋ?"